ಬ್ರೋಮೊ ಬೆಟ್ಟದಲ್ಲಿ ಮೂವರು ಚೂಡಾಮಣಿಯರು

ಬ್ರೋಮೊ ಜ್ವಾಲಾಮುಖಿಯ ಮುಂದೆ ಚೂಡಾಮಣಿಯವರು ಮೂರು ಕಡೆ ನಿಂತಿದ್ದರು. ಎಡಗಡೆ ಒಬ್ಬರು, ನಡುವೆ ಒಬ್ಬರು, ಬಲಗಡೆ ಒಬ್ಬರು. ಮೂವರೂ ಗಿಳಿಹಸಿರು ಸ್ವೆಟರ್ ತೊಟ್ಟಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಅವರನ್ನು ಮೊದಲು ಕಂಡವಳು ಫೋಟೋ ಲ್ಯಾಬಿನ ಒಡತಿ ಕುಸುಮ. ಅವಳ ಹಿಂದಿನಿಂದ ಬಗ್ಗಿ ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದವರು ಚೂಡಾಮಣಿಯವರ ಗಂಡ ಬಿಂದುಮಾಧವರು.

“ಯಾರು ಸಾರ್ ಇವ್ರು?”

“ನಮ್ಮ ಮನೆಯವರು.”

“ಮೂರು ಜನಾನೂವಾ?”

ಬಿಂದುಮಾಧವರು ಪರದೆಗೆ ಇನ್ನಷ್ಟು ಬಗ್ಗಿದರು. ಮನೆಯ ಲ್ಯಾಪ್‌ಟಾಪಿನಲ್ಲಿ ಅವೇ ಹಸಿರು ಚುಕ್ಕೆಗಳನ್ನು ಅವರು ಎಷ್ಟೋ ಸಲ ನೋಡಿದ್ದರು. ಬೂದಿ ಬಿದ್ದ ಇಳಿಜಾರಿನಲ್ಲೂ ಪೊದೆ ಬೆಳೆಯುತ್ತದಲ್ಲ, ಪ್ರಕೃತಿ ಎಷ್ಟು ಗಟ್ಟಿ ಎಂದು ಮೆಚ್ಚಿಕೊಂಡೂ ಇದ್ದರು.

ಬಿಂದುಮಾಧವರು ಪಿಯು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಕೆಲಸದಲ್ಲಿದ್ದಷ್ಟು ಕಾಲ, ವರ್ಷಕ್ಕೊಮ್ಮೆ, ಕರಿಹಲಗೆಯ ಮೇಲೆ ಒಂದು ಜ್ವಾಲಾಮುಖಿಯನ್ನು ನಡುವೆ ಸೀಳಿ ಬರೆದು, ಹೊಟ್ಟೆಯೊಳಗಿನ ಶಿಲಾರಸಕ್ಕೆ ಕೆಂಪು ಸೀಮೆಸುಣ್ಣ ಬಳಿದಿದ್ದರು. ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಮೈಸೂರಿನಲ್ಲಿ ಕಾಣಲು ಇದ್ದದ್ದು ಚಾಮುಂಡಿ ಬೆಟ್ಟ, ಅದು ಯಾರ ಮೇಲೂ ಏನನ್ನೂ ಉಗುಳಿದ್ದಲ್ಲ. ಆದ್ದರಿಂದ ನಿವೃತ್ತಿಯ ಮೇಲೆ ಅವರು ಒಂದು ಒಳ್ಳೆಯ ಕ್ಯಾಮೆರಾ ಕೊಂಡರು, ಹೆಂಡತಿಗೆ ಬಾಲಿಯ ದೇವಸ್ಥಾನಗಳನ್ನು ತೋರಿಸುವೆನೆಂದು ಇಂಡೋನೇಷ್ಯಾಕ್ಕೆ ಹೊರಟರು, ಹೊರಟಮೇಲೆ ದಾರಿಯಲ್ಲಿ ಒಂದು ಜ್ವಾಲಾಮುಖಿಯೂ ಸಿಗುತ್ತದೆ ಎಂದು ತಿಳಿಸಿದರು. ದಾರಿಯಲ್ಲಿ ಅದು ಸಿಗುವುದಿಲ್ಲ. ಅದಕ್ಕಾಗಿಯೇ ಬೇರೆ ವಿಮಾನ ಹಿಡಿಯಬೇಕು.

ಚೂಡಾಮಣಿಯವರು ತಕರಾರು ಮಾಡಲಿಲ್ಲ. ಬ್ರೋಮೊದ ಹಿಂದೆ ಕಾಣುವ ಇನ್ನೂ ಎತ್ತರದ ಬೆಟ್ಟದ ಹೆಸರು ಸೆಮೇರು, ಅಂದರೆ ನಮ್ಮ ಮೇರುಪರ್ವತವೇ ಎಂದು ಗೈಡ್ ಹೇಳಿದಾಗ ಅವರು ಅದಕ್ಕೆ ಕೈಮುಗಿದು, ಬಂದದ್ದು ಸಾರ್ಥಕವಾಯಿತು ಅಂದುಬಿಟ್ಟರು.

ಬಿಂದುಮಾಧವರ ಸಾರ್ಥಕತೆ ಬೇರೆಯದು. ಅದು ನಜರ್‌ಬಾದಿನ ಒಂದು ಗೋಡೆಯ ಮೇಲಿತ್ತು. ಅಲ್ಲಿಯ ವಿಹಂಗಮ ಛಾಯಾಗ್ರಾಹಕರ ಬಳಗ ಎಂಬ ಸಂಘಕ್ಕೆ ಅವರು ಸದಸ್ಯರು. ಬಳಗದವರು ಅಗಲವಾದ ನೋಟಗಳನ್ನು ಮಾತ್ರ ತೆಗೆಯುತ್ತಾರೆ, ವರ್ಷಕ್ಕೊಂದು ಪ್ರದರ್ಶನ ಮಾಡುತ್ತಾರೆ. ಬಾಗಿಲಿಗೆ ಎದುರಾದ ಇಡೀ ಗೋಡೆ ಒಂದೇ ಒಂದು ಚಿತ್ರಕ್ಕೆ ಮೀಸಲು. ಬಳಗ ಹುಟ್ಟಿದಾಗಿನಿಂದ ಅಲ್ಲಿ ಚಾಮುಂಡಿ ಬೆಟ್ಟವೇ: ಒಂದು ವರ್ಷ ಮಂಜಿನಲ್ಲಿ, ಒಂದು ವರ್ಷ ದಸರಾ ದೀಪಗಳಲ್ಲಿ, ಇನ್ನೊಂದು ವರ್ಷ ಸುಮ್ಮನೆ. ಎಲ್ಲವೂ ಅಧ್ಯಕ್ಷರಾದ ವೃಷಭೇಂದ್ರಪ್ಪನವರು ತಮ್ಮ ಮನೆಯ ತಾರಸಿಯಿಂದ ತೆಗೆದವು. ಸಾಯುವ ಮೊದಲು ಒಂದು ಸಲ ಆ ಗೋಡೆಯ ಮೇಲೆ ತನ್ನ ಚಿತ್ರ ಇರಬೇಕು ಎಂಬುದು ಬಿಂದುಮಾಧವರ ಆಸೆ. ಆಸೆ ಅಂದರೆ ಸಣ್ಣದಾಯಿತು. ಊಟಕ್ಕೆ ಕೂತಾಗಲೂ ಅವರಿಗೆ ಆ ಗೋಡೆ ಕಾಣುತ್ತಿತ್ತು.

ಬಳಗದ ನಿಯಮ ಒಂದೇ. ಭೂದೃಶ್ಯದಲ್ಲಿ ಮನುಷ್ಯರು ಇರಕೂಡದು.

ಮೂವರು ಚೂಡಾಮಣಿಯರು ಹೇಗೆ ಹುಟ್ಟಿದರು ಎಂಬುದು ಕುಸುಮಳಿಗೆ ಬೇಗ ತಿಳಿಯಿತು. ಅಷ್ಟು ಅಗಲದ ನೋಟವನ್ನು ಒಂದೇ ಏಟಿಗೆ ಹಿಡಿಯಲಾಗುವುದಿಲ್ಲ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು ಎಡದಿಂದ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ತುಂಡು ತುಂಡಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಹೊಲಿಯಬೇಕು. ಎದುರಿಗೆ ಬರಬೇಡ, ಪಕ್ಕಕ್ಕೆ ಹೋಗು ಎಂದು ಬಿಂದುಮಾಧವರು ಹೆಂಡತಿಗೆ ಹೇಳಿದ್ದರು. ಚೂಡಾಮಣಿಯವರು ಕೆಳಗಿನ ಕಾಲುದಾರಿಗೆ ಇಳಿದರು. ಕ್ಯಾಮೆರಾ ಎಡಕ್ಕಿದ್ದಾಗ ಅವರು ಎಡಕ್ಕಿದ್ದರು. ಅಡ್ಡವಾದೆನಲ್ಲ ಎಂದು ನಡುವಿಗೆ ಓಡಿದರು; ಕ್ಯಾಮೆರಾ ನಡುವಿಗೆ ಬಂತು. ಬಲಕ್ಕೆ ಹೋದರು, ಅದೂ ಬಲಕ್ಕೆ ತಿರುಗಿತು. ಬಿಂದುಮಾಧವರ ಕಣ್ಣು ಅಷ್ಟು ಹೊತ್ತೂ ಟ್ರೈಪಾಡಿನ ತಲೆಯ ಮೇಲಿದ್ದ, ಗಾರೆ ಕೆಲಸದವರ ರಸಮಟ್ಟದಂಥ ಒಂದು ಪುಟ್ಟ ಗುಳ್ಳೆಯ ಮೇಲಿತ್ತು. ಗುಳ್ಳೆ ನಡುವೆಯೇ ನಿಂತಿತ್ತು ಎಂದು ಅವರು ಇಂದಿಗೂ ಹೇಳುತ್ತಾರೆ.

“ಅಳಿಸಿಬಿಡಮ್ಮ,” ಅಂದರು.

“ಆಗಕ್ಕಿಲ್ಲ ಸಾರ್.”

“ಕಷ್ಟವಾ?”

“ಕಷ್ಟ ಏನಿಲ್ಲ. ಪಕ್ಕದ ಮರಳು ತಗಂಡು ಅವ್ರ ಮೇಲೆ ಎಳುದ್ರೆ ಆಯ್ತು.” ಕುಸುಮ ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದಳು. ಅಲ್ಲೊಂದು ಬೋರ್ಡಿತ್ತು. ಫೋಟೋದಿಂದ ಯಾರನ್ನಾದರೂ ಅಳಿಸಬೇಕಾದಲ್ಲಿ, ಅಳಿಸಿಕೊಳ್ಳುವವರೇ ಖುದ್ದಾಗಿ ಬಂದು ಬಾಯಿಬಿಟ್ಟು ಹೇಳತಕ್ಕದ್ದು.

ಕುಸುಮ ಮೈಸೂರಿನ ಪಕ್ಕದ ಹಿನಕಲ್ಲಿನವಳು. ಅವಳ ಲ್ಯಾಬಿನಲ್ಲಿ ಹೆಚ್ಚಾಗಿ ನಡೆಯುವುದು ಮದುವೆ ಆಲ್ಬಮ್ಮುಗಳ ಕೆಲಸ. ಆಲ್ಬಮ್ಮಿನ ಕೆಲಸವೆಂದರೆ ಅರ್ಧ ಸೇರಿಸುವುದು, ಅರ್ಧ ಅಳಿಸುವುದು. ಮೊದಮೊದಲು ಅವಳೂ ಹೇಳಿದವರನ್ನೆಲ್ಲ ಅಳಿಸುತ್ತಿದ್ದಳು. ಒಮ್ಮೆ ವಿಜಯನಗರ ಬಡಾವಣೆಯ ಒಬ್ಬರು ಗೃಹಪ್ರವೇಶದ ಗುಂಪುಚಿತ್ರದಿಂದ ತಮ್ಮನ ಹೆಂಡತಿಯನ್ನು ಅಳಿಸಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹಾಲಿನಲ್ಲಿ ತೂಗುಹಾಕಿದರು. ಚಿತ್ರದಲ್ಲಿ ತಮ್ಮ ಗಾಳಿಯ ಹೆಗಲ ಮೇಲೆ ಕೈಯಿಟ್ಟು ನಗುತ್ತಿದ್ದ. ಮಾರನೆಯ ದಿನ ಆ ಹೆಂಗಸು ಲ್ಯಾಬಿಗೆ ಬಂದರು. ಕೂಗಾಡಲಿಲ್ಲ. ಪಾಸ್‌ಪೋರ್ಟ್ ಫೋಟೋದ ಸ್ಟೂಲಿನ ಮೇಲೆ ಕೂತು, ನನ್ನನ್ನು ವಾಪಸ್ ಹಾಕು ಅಂದರು. ಮೂಲ ಚಿತ್ರ ಅಷ್ಟರಲ್ಲಿ ಹೋಗಿಬಿಟ್ಟಿತ್ತು. ಆ ಹೆಂಗಸು ಲ್ಯಾಬಿಗೆ ಬಾಗಿಲು ಹಾಕುವವರೆಗೂ ಕೂತಿದ್ದರು. ಅವತ್ತಿನಿಂದ ಈ ಬೋರ್ಡು. ಸತ್ತವರನ್ನಂತೂ ಕುಸುಮ ಅಳಿಸುವುದೇ ಇಲ್ಲ, ಏಕೆಂದರೆ ಅವರು ಬಂದು ಹೇಳುವ ಹಾಗಿಲ್ಲ.

“ಇದು ಜಗಳದ ವಿಷಯ ಅಲ್ಲಮ್ಮ,” ಅಂದರು ಬಿಂದುಮಾಧವರು.

“ಎಲ್ರೂ ಅಂಗೇ ಅಂತಾರೆ ಸಾರ್.”

“ಫೋನಿನಲ್ಲಿ ಹೇಳಿಸಿದರೆ?”

“ಫೋನಲ್ಲಿ ಯಾರ ಹೆಂಡ್ತಿ ಮಾತಾಡ್ತಾವ್ರೆ ಅಂತ ನಂಗೆಂಗೆ ಗೊತ್ತಾಗದು? ಕರ್ಕಬನ್ನಿ ಸಾರ್. ಮೂರು ಜನಕ್ಕೂ ಸೇರಿ ಒಂದ್ಸಲ ಹೇಳುದ್ರೆ ಸಾಕು.”

ಬೇರೆ ಲ್ಯಾಬಿಗೆ ಹೋಗಬಹುದಿತ್ತು. ಆದರೆ ಹೊಲಿಗೆ ಕಾಣದ ಹಾಗೆ ಬೆಟ್ಟಗಳನ್ನು ಕೂಡಿಸಿ, ಅಷ್ಟುದ್ದದ ಹಾಳೆಯನ್ನು ಒಂದೇ ತುಂಡಾಗಿ ಪ್ರಿಂಟ್ ಹಾಕುವವರು ಅವರಿಗೆ ಗೊತ್ತಿದ್ದಂತೆ ಕುಸುಮ ಒಬ್ಬಳೇ. ಬಿಂದುಮಾಧವರು ಮೊದಲು ವೃಷಭೇಂದ್ರಪ್ಪನವರ ಮನೆಗೆ ಹೋದರು. ಅವರು ತಾರಸಿಯ ಮೇಲೆ ಟ್ರೈಪಾಡ್ ಹಾಕಿಕೊಂಡು ಚಾಮುಂಡಿ ಬೆಟ್ಟದ ಮೇಲೆ ಮೋಡ ಬರಲೆಂದು ಕಾಯುತ್ತಿದ್ದರು.

“ನಿಯಮದಲ್ಲಿ ಒಂದಿಷ್ಟು ಸಡಿಲ ಮಾಡಬಹುದಾ?” ಎಂದು ಕೇಳಿದರು ಬಿಂದುಮಾಧವರು. “ಮನುಷ್ಯರು ತೀರ ಚಿಕ್ಕದಾಗಿ ಇದ್ದರೆ?”

“ಚಿಕ್ಕವರಾದರೂ ಮನುಷ್ಯರೇ ಅಲ್ಲವೇ,” ಅಂದರು ವೃಷಭೇಂದ್ರಪ್ಪ. “ಒಂದು ವರ್ಷ ಬೆಟ್ಟದ ಮೆಟ್ಟಿಲ ಮೇಲೆ ಯಾರೋ ಒಬ್ಬ ಕಾಣುತ್ತಾನೆ ಅಂತ ನನ್ನ ಚಿತ್ರವನ್ನು ನಾನೇ ತಿರಸ್ಕರಿಸಿದೆ.”

“ಆ ವರ್ಷ ಗೋಡೆಗೆ ಏನು ಹಾಕಿದಿರಿ?”

“ನನ್ನದೇ ಇನ್ನೊಂದು.”

ಅಲ್ಲಿಗೆ ಉಳಿದದ್ದು ಹೆಂಡತಿಯನ್ನು ಲ್ಯಾಬಿಗೆ ಕರೆದೊಯ್ಯುವ ದಾರಿ ಒಂದೇ. ಬೇರೆ ಯಾರ ಹೆಂಡತಿಯಾಗಿದ್ದರೂ ಇದೇನು ದೊಡ್ಡ ಕೆಲಸವಾಗುತ್ತಿರಲಿಲ್ಲ. ಆದರೆ ಇಂಡೋನೇಷ್ಯಾದಿಂದ ಬಂದಾಗಿನಿಂದ ಚೂಡಾಮಣಿಯವರು ಬಂದವರಿಗೆಲ್ಲ ಒಂದು ವಿಷಯ ಹೇಳುತ್ತಿದ್ದರು. ಪಕ್ಕದ ಮನೆಯ ಮಾಲವಿಕಾಳಿಗಂತೂ ಅದು ಬಾಯಿಪಾಠವಾಗಿತ್ತು.

“ಮದುವೆಯಾದಾಗಿನಿಂದ ನನ್ನದೊಂದು ಫೋಟೋ ತೆಗೆದವರಲ್ಲ ಕಣೇ ಇವರು. ಬರೀ ಕಲ್ಲು, ಮಣ್ಣು, ಕೆರೆ. ಅಲ್ಲಿ ನೋಡು, ಆ ಹೊಗೆಯುಗುಳೋ ಬೆಟ್ಟ ಎದುರಿಗಿದೆ, ಇವರು ನಾನು ಎಲ್ಲಿ ಹೋದರೆ ಅಲ್ಲಿಗೇ ಕ್ಯಾಮೆರಾ ತಿರುಗಿಸ್ತಾರೆ. ಅಡ್ಡ ಬಂದೆನೇನೋ ಅಂತ ನಾನು ತಪ್ಪಿಸ್ಕೊಂಡು ಹೋದರೆ ಅಲ್ಲಿಗೂ ಬಂತು. ಆಮೇಲೆ ನನಗೆ ಅರ್ಥವಾಯ್ತು. ಸುಮ್ಮನೆ ನಿಂತ್ಕೊಂಡೆ.”

ಮೊದಲ ಸಲ ಇದನ್ನು ಕೇಳಿದಾಗ ಬಿಂದುಮಾಧವರು ಪೇಪರು ಓದುತ್ತಿದ್ದರು. ಪೇಪರಿನಲ್ಲೇ ಇದ್ದುಬಿಟ್ಟರು. ಏನೋ ತಪ್ಪು ತಿಳಿದಿದ್ದಾಳೆ, ಅದರಿಂದ ಯಾರಿಗೂ ನಷ್ಟವಿಲ್ಲ, ಹೇಗೂ ಚಿತ್ರದಲ್ಲಿ ಅವಳು ಎಲ್ಲೂ ಕಾಣುತ್ತಿಲ್ಲ ಅಂದುಕೊಂಡರು. ಎರಡನೆಯ ಸಲ ಹೇಳಿದಾಗ ತಿದ್ದಲು ತಡವಾಗಿತ್ತು. ಅಷ್ಟರಲ್ಲಿ ಚೂಡಾಮಣಿಯವರು ಹಾಲಿನ ಗೋಡೆಯನ್ನು ಖಾಲಿ ಮಾಡಿದ್ದರು. ಅಲ್ಲಿ ಇದ್ದದ್ದು ಬಿಂದುಮಾಧವರ ಅಜ್ಜನ ಫೋಟೋ; ಅರಮನೆಯಲ್ಲಿ ಚಾಮರ ಬೀಸುವ ಕೆಲಸದಲ್ಲಿದ್ದವರು, ಜರಿಪೇಟ ಸುತ್ತಿ ಇಡೀ ಮನೆಯ ಮೇಲೆ ಕಣ್ಣಿಟ್ಟು ಕೂತಿದ್ದರು. ಅವರಿಗೆ ಊಟದ ಮನೆಗೆ ವರ್ಗವಾಯಿತು. ಖಾಲಿಯಾದ ಜಾಗದಲ್ಲಿ ಜ್ವಾಲಾಮುಖಿ ಬರಬೇಕಿತ್ತು, ಜ್ವಾಲಾಮುಖಿಯ ಮುಂದೆ ಚೂಡಾಮಣಿ.

ಪ್ರದರ್ಶನ ಹತ್ತಿರವಾಯಿತು. ಬಿಂದುಮಾಧವರು ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಹೇಳಿದರು.

“ಚೂಡಾ, ಇವತ್ತು ಲ್ಯಾಬಿಗೆ ಬರಬೇಕಂತೆ ನೀನು.”

“ನಾನಾ? ಯಾಕೆ?”

“ಫೋಟೋ ವಿಷಯ. ನೀನು ಒಂದು ಮಾತು ಹೇಳಬೇಕಂತೆ.”

ಇದರಲ್ಲಿ ಸುಳ್ಳು ಒಂದು ಅಕ್ಷರವೂ ಇಲ್ಲ ಎಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಚೂಡಾಮಣಿಯವರು ಒಳಗೆ ಹೋಗಿ ಮೈಸೂರು ಸಿಲ್ಕ್ ಸೀರೆ ಉಟ್ಟು ಬಂದರು. ಎಷ್ಟು ದೊಡ್ಡದು ಮಾಡಿಸಬೇಕು ಅಂತ ಕೇಳಬಹುದು, ಗೋಡೆಯ ಅಳತೆ ನನಗೇ ತಾನೇ ಗೊತ್ತಿರೋದು ಎಂದು ಗೇಟಿನ ಬಳಿ ಮಾಲವಿಕಾಳಿಗೆ ಹೇಳಿ ಆಟೋ ಹತ್ತಿದರು. ಆಟೋದಲ್ಲಿ ಬಿಂದುಮಾಧವರು ಒಂದು ಮಾತನ್ನು ಜೋಡಿಸಿಕೊಳ್ಳುತ್ತಿದ್ದರು. ನಿನ್ನನ್ನು ಬಹಳ ಆಸ್ಥೆಯಿಂದಲೇ ತೆಗೆದೆ ಚೂಡಾ, ಆದರೆ ಬಳಗದ ನಿಯಮ ನೋಡು, ನನ್ನ ಕೈ ಕಟ್ಟಿಹಾಕಿದೆ. ಮಾತು ಚೆನ್ನಾಗಿಯೇ ಕೂತಿತ್ತು. ಇಷ್ಟು ವರ್ಷ ತರಗತಿಯಲ್ಲಿ ನಿಂತವರಿಗೆ ಅಷ್ಟು ಬಾರದಿದ್ದರೆ ಹೇಗೆ.

ಲ್ಯಾಬಿನಲ್ಲಿ ಕುಸುಮ ಚೂಡಾಮಣಿಯವರಿಗೆ ಕುರ್ಚಿ ಕೊಟ್ಟು, ಚಿತ್ರವನ್ನು ಪರದೆಯ ತುಂಬ ಹರಡಿದಳು. ಎಡಗಡೆ ಬಾಯಿ ತೆರೆದು ಬಿಳಿ ಹೊಗೆ ಬಿಡುತ್ತಿರುವ ಬ್ರೋಮೊ, ಅದರ ಪಕ್ಕ ಹೀರೇಕಾಯಿಯ ಹಾಗೆ ಗೀರುಗೀರಾದ ಬಾಟೋಕ್ ಬೆಟ್ಟ, ಹಿಂದೆ ಸೆಮೇರು, ಕೆಳಗೆಲ್ಲ ಬೂದಿಬಣ್ಣದ ಮರಳು. ಚೂಡಾಮಣಿಯವರು ಬೆಟ್ಟಗಳನ್ನು ನೋಡಲಿಲ್ಲ. ಹಸಿರು ಚುಕ್ಕೆಗಳನ್ನು ಹುಡುಕಿದರು, ಸಿಕ್ಕಿದವು, ಮುಖ ಅರಳಿತು.

“ಅಮ್ಮ,” ಅಂದಳು ಕುಸುಮ, “ನಿಮ್ಮನ್ನ ಇದ್ರಿಂದ ಅಳಿಸ್ಬೇಕಂತೆ. ನೀವೇ ಬಾಯಿಬುಟ್ಟು ಹೇಳ್ಬೇಕು. ಮೂರು ಕಡೆ ಇದ್ದೀರ, ಒಂದ್ಸಲ ಹೇಳುದ್ರೆ ಸಾಕು.”

ಚೂಡಾಮಣಿಯವರು ಗಂಡನ ಕಡೆ ತಿರುಗಿದರು.

“ಬಳಗದ ನಿಯಮ,” ಅಂದರು ಬಿಂದುಮಾಧವರು. “ಚಿತ್ರದಲ್ಲಿ ಮನುಷ್ಯರು ಇರಕೂಡದು.”

“ನಿಯಮ ಈಗ ಬಂದಿದ್ದಾ?”

“ಇಲ್ಲ. ಮೊದಲಿಂದಲೂ ಇದೆ.”

“ಮತ್ತೆ ಗೊತ್ತಿದ್ದೂ ಯಾಕೆ ನನ್ನ ಹಿಂದೆ ಕ್ಯಾಮೆರಾ ತಿರುಗಿಸಿದ್ರಿ?”

ಆಟೋದಲ್ಲಿ ಜೋಡಿಸಿಟ್ಟ ಮಾತು ಬಾಯಿಯವರೆಗೂ ಬಂತು. ಹೇಳಿದ್ದರೆ ನಡೆದೂ ಹೋಗುತ್ತಿತ್ತು. ಆದರೆ ಎದುರಿಗೆ ರೇಷ್ಮೆ ಸೀರೆ ಉಟ್ಟು, ಗೋಡೆಯ ಅಳತೆ ನೆನಪಿಟ್ಟುಕೊಂಡು ಕೂತ ಹೆಂಗಸಿನ ಮುಖಕ್ಕೆ ಅದನ್ನು ಹೇಳಲು ಅವರಿಗೆ ನಾಚಿಕೆಯಾಯಿತು.

“ನಾನು ನಿನ್ನ ಫೋಟೋ ತೆಗೀತಿರಲಿಲ್ಲ ಚೂಡಾ. ಬೆಟ್ಟದ್ದು ತೆಗೀತಿದ್ದೆ. ನೀನು ಎದುರಿಗೆ ಇದ್ದೀಯ ಅಂತಲೇ ನನಗೆ ಗೊತ್ತಿರಲಿಲ್ಲ.”

“ಮೂರು ಸಲವೂ?”

“ಮೂರು ಸಲವೂ.”

ಒಳಕೋಣೆಯಲ್ಲಿ ಪ್ರಿಂಟಿಂಗ್ ಯಂತ್ರ ಯಾರದೋ ಮದುವೆಯನ್ನು ಹೊರಹಾಕುತ್ತಿತ್ತು. ಕುಸುಮ ಮೌಸ್ ಒರೆಸತೊಡಗಿದಳು.

“ನಾನು ಬಂದವರಿಗೆಲ್ಲಾ ಹೇಳ್ಕೊಂಡೆನಲ್ಲರೀ,” ಅಂದರು ಚೂಡಾಮಣಿ. ದನಿ ಏರಲಿಲ್ಲ. “ನೀವು ಅಲ್ಲೇ ಕೂತು ಕೇಳ್ತಿದ್ರಿ.”

ಕೇಳುತ್ತಿದ್ದದ್ದು ನಿಜ.

ಚೂಡಾಮಣಿಯವರು ಕುಸುಮಳ ಕಡೆ ತಿರುಗಿ ಸೆರಗು ಸರಿಮಾಡಿಕೊಂಡರು. “ಅಳಿಸಮ್ಮ. ನಾನೇ ಹೇಳ್ತಿದ್ದೀನಿ. ಮೂರನ್ನೂ ಅಳಿಸಿಬಿಡು.”

ನಿಯಮದ ಪ್ರಕಾರ ಇನ್ನೇನೂ ಬೇಕಿರಲಿಲ್ಲ. ಕುಸುಮ ಎಡಗಡೆಯ ಚುಕ್ಕೆಯನ್ನು ದೊಡ್ಡದು ಮಾಡಿದಳು. ನೆರಿಗೆ ಎತ್ತಿ ಹಿಡಿದು, ಯಾರಿಗೋ ಅಡ್ಡವಾದ ಗಾಬರಿಯಲ್ಲಿ ಓಡುತ್ತಿರುವ ಒಬ್ಬ ಚೂಡಾಮಣಿ. ಕುಸುಮ ಪಕ್ಕದ ಮರಳನ್ನು ತಂದು ಕಾಲಿನಿಂದ ಮೇಲಕ್ಕೆ ಎಳೆದಳು. ಕಾಲು ಹೋಯಿತು, ಸ್ವೆಟರ್ ಹೋಯಿತು, ಕೊನೆಗೆ ತಲೆಯ ಮೇಲಿನ ಮಂಗನ ಟೋಪಿಯೂ ಹೋಯಿತು. ಆ ಜಾಗದಲ್ಲಿ ಯಾರೂ ಎಂದೂ ನಡೆದಿರಲಿಲ್ಲ ಅನ್ನುವಷ್ಟು ಚೊಕ್ಕಟವಾಯಿತು. ನಡುವಿನ ಚೂಡಾಮಣಿ ಬೆನ್ನು ತೋರಿಸಿಕೊಂಡು ಬಲಕ್ಕೆ ಹೊರಟಿದ್ದರು. ಅವರೂ ಹೋದರು. ಕುರ್ಚಿಯಲ್ಲಿದ್ದ ಚೂಡಾಮಣಿಯವರು ರೆಪ್ಪೆ ಬಡಿಯದೆ ನೋಡುತ್ತಿದ್ದರು.

ಕುಸುಮ ಬಲಗಡೆಯ ಚುಕ್ಕೆಯನ್ನು ದೊಡ್ಡದು ಮಾಡಿದಳು.

ಈ ಚೂಡಾಮಣಿ ಓಡುತ್ತಿರಲಿಲ್ಲ. ಕ್ಯಾಮೆರಾದ ಕಡೆಗೇ ತಿರುಗಿ ನೆಟ್ಟಗೆ ನಿಂತಿದ್ದರು. ಮಂಗನ ಟೋಪಿ ತೆಗೆದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದರು, ಅದರ ಒಂದು ತುದಿ ಸೊಂಟದ ಪಕ್ಕ ಇಣುಕುತ್ತಿತ್ತು. ಬೆರಳಲ್ಲೇ ಬಾಚಿ ಕೂರಿಸಿದ್ದ ಕೂದಲನ್ನು ಗಾಳಿ ಮತ್ತೆ ಎಬ್ಬಿಸಿತ್ತು. ಚಳಿಗೆ ಮೂಗು ಕೆಂಪಾಗಿತ್ತು. ಅವರು ನಗುತ್ತಿದ್ದರು. ಎದುರಿಗಿರುವವರು ತನ್ನನ್ನೇ ನೋಡುತ್ತಿದ್ದಾರೆ ಎಂದು ನಂಬಿದವರು ನಗುವ ನಗು ಅದು.

ಅಂಥ ಚಳಿಯಲ್ಲಿ ಬಿಂದುಮಾಧವರು ಗ್ಲೌಸ್ ಕೂಡ ಬಿಚ್ಚಿರಲಿಲ್ಲ. ಆಮೇಲೆ ಬಾಲಿಯಲ್ಲಿ ಹೆಂಡತಿ ಕೆಮ್ಮು ಹಿಡಿದು ಮಲಗಿದಾಗ, ಬೆಟ್ಟದಲ್ಲಿ ಟೋಪಿ ಕೈಯಲ್ಲಿ ಹಿಡಿದು ವಾಪಸ್ ಬಂದೆಯಲ್ಲ, ಯಾಕೆ ತೆಗೆದೆ, ಬುದ್ಧಿ ಬೇಡವಾ ಎಂದು ಬೈದಿದ್ದರು. ಚೂಡಾಮಣಿ ಗೋಡೆಯ ಕಡೆ ತಿರುಗಿ ಮಲಗಿದ್ದರು. ಈಗ ಅದು ನೆನಪಾಗಿ ಬಿಂದುಮಾಧವರು ಪರದೆಯ ಹತ್ತಿರ ಬಂದು ಬಗ್ಗಿದರು. ಅಷ್ಟರಲ್ಲಿ ಮರಳು ಚಿತ್ರದ ಚೂಡಾಮಣಿಯವರ ಪಾದದ ಹತ್ತಿರ ಬಂದಿತ್ತು.

“ತಡಿಯಮ್ಮ,” ಅಂದರು.

ಕುಸುಮ ತಡೆದಳು, ಆದರೆ ಮೌಸ್ ಬಿಡಲಿಲ್ಲ. “ಅಳಿಸು ಅಂತ ಅಮ್ಮನೇ ಅಂದವ್ರೆ ಸಾರ್. ನಮ್ಮಲ್ಲಿ ಮಾತು ಅವ್ರದ್ದೇ.”

ಬಿಂದುಮಾಧವರು ಹೆಂಡತಿಯ ಕಡೆ ತಿರುಗಿದರು. “ಚೂಡಾ, ಇದೊಂದು ಇರಲಿ.”

“ಯಾಕೆ? ನಿಮ್ಮ ಗೋಡೆಗೆ ಆಗಲ್ಲವಲ್ಲ.”

“ಆಗದಿದ್ದರೆ ಬೇಡ.”

“ನನಗೆ ಕನಿಕರ ತೋರಿಸಬೇಡಿ ಕಣ್ರೀ. ಅದು ಬೇಕಿಲ್ಲ.”

“ಕನಿಕರ ಅಲ್ಲ. ನಾನು ಈಗ ನೋಡಿದೆ.”

“ಏನು ನೋಡಿದ್ರಿ?”

“ಟೋಪಿ ತೆಗೆದಿದ್ದೀಯ.”

ಚೂಡಾಮಣಿಯವರು ಪರದೆಯ ಕಡೆ ನೋಡಿದರು, ಕೈಯಲ್ಲಿದ್ದ ಪರ್ಸಿನ ಜಿಪ್ಪು ಎಳೆದರು, ಮತ್ತೆ ಮುಚ್ಚಿದರು. “ಮತ್ತೆ, ಫೋಟೋದಲ್ಲಿ ಮಂಗನ ಟೋಪಿ ಹಾಕ್ಕೊಂಡು ನಿಲ್ಲೋಕಾಗುತ್ತಾ,” ಎಂದು ಕಂಪ್ಯೂಟರಿಗೆ ಹೇಳಿದರು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

“ಇರ್ಲಾ ಅಮ್ಮ ಇದು?” ಕುಸುಮ ಕೇಳಿದಳು. “ಆ ಇಬ್ರನ್ನೂ ಬೇಕಾದ್ರೆ ವಾಪಸ್ ತರ್ತೀನಿ. ಈಗಾದ್ರೆ ಬರ್ತಾರೆ.”

“ಅವು ಬೇಡ. ಒಂದರಲ್ಲಿ ಓಡ್ತಿದ್ದೀನಿ, ಇನ್ನೊಂದರಲ್ಲಿ ಬೆನ್ನು.” ಚೂಡಾಮಣಿಯವರು ಎದ್ದು ನಿಂತರು. “ಇದು ಇರಲಿ ಅಂತ ಇವರು ಹೇಳ್ತಿದ್ದಾರೆ. ನಾನು ಅಳಿಸು ಅಂದದ್ದು ಅಂದೆ. ಇಬ್ಬರಲ್ಲಿ ಯಾರ ಮಾತು ಕೇಳಬೇಕು ಅಂತ ನಿನ್ನ ಬೋರ್ಡು ನೋಡಿ ನೀನೇ ತೀರ್ಮಾನ ಮಾಡು,” ಎಂದು ಹೊರಗೆ ಹೋಗಿ ಆಟೋ ಹುಡುಕತೊಡಗಿದರು.

ಕುಸುಮ ಬೋರ್ಡು ನೋಡಿದಳು. ಉಳಿಸಿಕೊಳ್ಳುವವರು ಏನು ಮಾಡತಕ್ಕದ್ದು ಎಂದು ಅದರಲ್ಲಿ ಬರೆದಿರಲಿಲ್ಲ. ಪಾದದ ಹತ್ತಿರ ಬಿದ್ದಿದ್ದ ಮರಳನ್ನು ಹಿಂದಕ್ಕೆ ತೆಗೆದು, ಚಿತ್ರವನ್ನು ಹಾಗೇ ಪ್ರಿಂಟಿಗೆ ಕಳಿಸಿದಳು.

ಬಿಂದುಮಾಧವರು ಅದನ್ನೇ ಬಳಗಕ್ಕೆ ಒಪ್ಪಿಸಿ ಬಂದರು. ಒಂದು ಭಾನುವಾರ ಬೆಳಿಗ್ಗೆ ವೃಷಭೇಂದ್ರಪ್ಪನವರ ಫೋನ್ ಬಂತು. ಚೂಡಾಮಣಿಯವರು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದರು. ಗಂಡನ ಜೊತೆ ಅವರ ಮಾತು ಇನ್ನೂ ಊಟ, ತಿಂಡಿ, ಹಾಲಿನವನು ಬಂದ ಎಂಬಲ್ಲಿಗೆ ನಿಂತಿತ್ತು.

“ಬಿಂದುಮಾಧವರೇ, ಜ್ವಾಲಾಮುಖಿ ಬಹಳ ಚೆನ್ನಾಗಿ ಬಂದಿದೆ,” ಅಂದರು ವೃಷಭೇಂದ್ರಪ್ಪ. “ಈ ಸಲ ಗೋಡೆ ನಿಮ್ಮದೇ ಅಂತ ಎಲ್ಲರೂ ಒಪ್ಪಿದೀವಿ. ನಾನೂ ಒಪ್ಪಿದೀನಿ. ಒಂದೇ ಒಂದು ವಿಷಯ. ಬಲಗಡೆ ಯಾರೋ ಹೆಂಗಸು ನಿಂತಿದ್ದಾರೆ.”

“ಹೌದು.”

“ಯಾರೋ ಪ್ರವಾಸಿ ಇರಬೇಕು.”

“ನಮ್ಮ ಮನೆಯವರು.”

“ಓಹೋ. ನೀವು ನೋಡಿರಲಿಲ್ಲ ಅಂತ ಕಾಣುತ್ತೆ. ಈಗೆಲ್ಲ ಲ್ಯಾಬಿನಲ್ಲೇ ಅಳಿಸಿಕೊಡ್ತಾರಲ್ಲ. ಮಾಡಿಸಿಬಿಡಿ, ನಾಳೆ ಗೋಡೆಗೆ ಹಾಕೋಣ.”

“ಅದಕ್ಕೆ ಅವರ ಒಪ್ಪಿಗೆ ಬೇಕಾಗುತ್ತೆ.”

“ಕೇಳಿ ನೋಡಿದಿರಾ?”

ಅಡುಗೆಮನೆಯಲ್ಲಿ ತುರಿಯುವ ಸದ್ದು ನಿಂತಿತು. ಬಿಂದುಮಾಧವರು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ ಹೇಳಿದರು:

“ಕೇಳಿದೆ. ಅವರು ಒಪ್ಪಿದರು. ನಾನು ಒಪ್ಪಲಿಲ್ಲ.”